ಸೊಸೆಯ ಕೈಯ ಗಂಜಿ

ಬಾಗಿಲ ಸಂದಿಯಲ್ಲಿ ನಿಂತು ಪುಷ್ಪಕ್ಕ ಕಣ್ಣಾರೆ ಕಂಡಳು. ಸೊಸೆ ಸುಪ್ರೀತಾ ಹುಣಸೆಹಣ್ಣಿನ ಭರಣಿಯ ಹಿಂದಿನಿಂದ ಒಂದು ಪೊಟ್ಟಣ ತೆಗೆದಳು, ಅತ್ತಿತ್ತ ನೋಡಿದಳು, ಬಿಳಿ ಪುಡಿಯನ್ನು ಗಂಡನ ಗಂಜಿಗೆ ಉದುರಿಸಿ ಚಮಚದಲ್ಲಿ ತಿರುವಿದಳು.

ಕೈಮದ್ದು. ಇನ್ನೇನು ಅನುಮಾನ? ಕಡಲ ದಂಡೆಯ ಕೋಡಿ ಊರಿನಲ್ಲಿ ಹುಟ್ಟಿ, ಕುಂದಾಪುರದ ಮಾರ್ಕೆಟ್ಟಿನಲ್ಲಿ ಮೀನು ಮಾರಿ ಮಗನನ್ನು ಸಾಕಿದ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡನನ್ನು ಸೆರಗಿಗೆ ಕಟ್ಟಿಕೊಳ್ಳಲು ಅನ್ನದಲ್ಲಿ ಬೆರೆಸಿ ಕೊಡುವ ಮದ್ದು ಅದು. ತಿಂದವನು ಮಂಕಾಗುತ್ತಾನೆ. ಹಾಕಿದವಳನ್ನು ಯಾರಾದರೂ ಬೈದರೆ ಅವಳ ಪರವಾಗಿಯೇ ಮಾತಾಡುತ್ತಾನೆ.

ಮಗ ಉಮಾನಾಥ ಮಂಕಾಗಿಯೇ ಇದ್ದ. ಮುಂಬೈಯಲ್ಲಿ ಸ್ವಂತ ಕ್ಯಾಂಟೀನು ನಡೆಸುತ್ತಿದ್ದವನು. ಮೆಟ್ಟಿಲು ಜಾರಿ ಕಾಲು ಮುರಿಯಿತಂತೆ, ಕ್ಯಾಂಟೀನು ಕೈಬಿಟ್ಟಿತಂತೆ. ಕುಂಟುತ್ತ ಊರಿಗೆ ಬಂದವನು ಗೋಡೆಗೆ ಮುಖ ಹಾಕಿ ಮಲಗಿದ್ದೇ ಬಂತು. ಮೀಯುವುದೂ ಬೇಡ, ಉಣ್ಣುವುದೂ ಬೇಡ. "ನಾ ಯಾಕ್ ಬದ್ಕಿದ್ದೆ ಅಮ್ಮ?" ಅನ್ನುತ್ತಿದ್ದ. ಹೆತ್ತ ಹೊಟ್ಟೆ ಅದನ್ನು ಎಷ್ಟು ಸಲ ಕೇಳಬೇಕು? ಆದರೆ ಸೊಸೆಯ ಕೈಯ ಗಂಜಿಯನ್ನು ಮಾತ್ರ ಬೇಡ ಬೇಡ ಅನ್ನುತ್ತಲೇ ತಳ ಕಾಣುವ ತನಕ ಕುಡಿಯುತ್ತಿದ್ದ. ಅಮ್ಮ ಮಾಡಿದ ಬಂಗುಡೆ ಸಾರಿಗೆ ಇಲ್ಲದ ರುಚಿ ಆ ಗಂಜಿಗೆ ಎಲ್ಲಿಂದ ಬಂತು?

ಒಮ್ಮೆ ಪುಷ್ಪಕ್ಕ ಸಂಕಟದಲ್ಲಿ ಅಂದಿದ್ದಳು, "ಅವ ಒಂದ್ಸಲ ನೆಗಾಡಿರೆ ಸಾಕಿತ್ತ್, ಹೆಣೆ." ಸುಪ್ರೀತಾ ಪಾತ್ರೆ ತಿಕ್ಕುತ್ತಲೇ ಉತ್ತರ ಕೊಟ್ಟಿದ್ದಳು, "ಅವ್ರ್ ನೆಗಾಡಿರೆ ನಂಗ್ ಹೆದ್ರಿಕಿ ಆತ್ತ್, ಅತ್ತೆ." ಗಂಡ ನಕ್ಕರೆ ಹೆದರುವ ಹೆಂಡತಿಯನ್ನು ಪುಷ್ಪಕ್ಕ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

ಇವತ್ತು ಸಿಕ್ಕಿಬಿದ್ದಳು. ಪುಷ್ಪಕ್ಕ ಒಳಗೆ ನುಗ್ಗಿ ಪೊಟ್ಟಣ ಕಸಿದುಕೊಂಡಳು.

"ಎಂತ ಇದ್?"

ಸುಪ್ರೀತಾ ಪೊಟ್ಟಣಕ್ಕೆ ಕೈಚಾಚಿದಳು. "ಹೇಳುಕೆ ಆತಿಲ್ಲೆ, ಅತ್ತೆ. ಆಣೆ ಇತ್ತ್."

"ಯಾರ್ ಆಣೆ? ಮದ್ದ್ ಕೊಟ್ಟವಂದಾ?"

ಒಳಗಿನಿಂದ ಉಮಾನಾಥನ ಸೋತ ದನಿ ಬಂತು. "ಅಮ್ಮ, ಅವ್ಳ್ ತಪ್ಪಿಲ್ಲೆ."

ನೋಡಿ, ಮದ್ದೇ ಮಾತಾಡುತ್ತಿದೆ. ಪುಷ್ಪಕ್ಕನಿಗೆ ಇನ್ನು ಯಾವ ಸಾಕ್ಷಿಯೂ ಬೇಕಾಗಿರಲಿಲ್ಲ. ಅಂದೇ ಸೊಸೆಯನ್ನು ಬೈಂದೂರಿನ ತವರಿಗೆ ಬಸ್ಸು ಹತ್ತಿಸಿದಳು. ಚೀಲ ಹಿಡಿದು ಹೊರಟವಳು ಹೊಸ್ತಿಲಲ್ಲಿ ನಿಂತು, "ಆ ಪುಡಿ ಒಂದ್ ನಿಲ್ಸ್ಬೇಡಿ" ಎಂದಳು. ಎಷ್ಟು ಭಂಡ ಧೈರ್ಯ. ಪುಷ್ಪಕ್ಕ ಪೊಟ್ಟಣವನ್ನು ಒಲೆಗೆ ಹಾಕಿದಳು. ಆಮೇಲೆ ದಿನಾ ಫೋನು ಬರುತ್ತಿತ್ತು. ಅವಳು ಎತ್ತಲಿಲ್ಲ.

ಸಿದ್ದಾಪುರದ ಕಡೆ ಮದ್ದು ತೆಗೆಯುವವರೊಬ್ಬರು ಏನೋ ಕಷಾಯ ಕುಡಿಸಿ ವಾಂತಿ ಮಾಡಿಸಿದರು. ಆದರೂ ಮಗ ಏಳಲಿಲ್ಲ. ಮದ್ದು ಬಿದ್ದುಹೋಯಿತು, ಇನ್ನು ಮನಸ್ಸಿಗೆ ಕಸು ಬರಬೇಕು ಎಂದುಕೊಂಡು ತಲ್ಲೂರಿನ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಅವಸರ ಮಾಡಲಿಲ್ಲ.

"ಬೇರೆ ಮಾತ್ರೆ ಏನಾದರೂ ತಗೊಳ್ತಿದ್ದಾರಾ? ಹಿಂದೆ ಯಾವಾಗಾದರೂ ವಿಪರೀತ ಖುಷಿ, ನಿದ್ದೆಯಿಲ್ಲದ ಓಡಾಟ, ನಿಲ್ಲದ ಮಾತು, ಹಾಗೇನಾದರೂ ಆಗಿತ್ತಾ?"

ಉಮಾನಾಥ ಬಾಯಿ ತೆರೆದ. ಪುಷ್ಪಕ್ಕ ಬಿಡಲಿಲ್ಲ.

"ಎಂತ ಖುಷಿ, ಡಾಕ್ಟ್ರೆ? ಮದಿ ಆದ್ಮೇಲೆ ಅವ ಖುಷಿ ಕಂಡದ್ದೇ ಇಲ್ಲೆ. ಮಾತ್ರೆನೂ ಇಲ್ಲೆ."

ಡಾಕ್ಟರು ಮಗನ ಕಡೆ ನೋಡಿದರು. ಮಗ ತಲೆ ತಗ್ಗಿಸಿದ. ಖಿನ್ನತೆಗೆಂದು ಮಾತ್ರೆ ಬರೆದುಕೊಟ್ಟು, "ನಿದ್ದೆ ತಪ್ಪಿದರೆ ಕೂಡಲೇ ಕರೆದುಕೊಂಡು ಬನ್ನಿ" ಅಂದರು.

ಆಸಾಡಿಯ ಮಳೆ ಹಿಡಿಯುವ ಹೊತ್ತಿಗೆ ಪವಾಡವೇ ಆಯಿತು. ಉಮಾನಾಥ ಎದ್ದ. ಮಿಂದ. ಕೇಳಿ ಬಡಿಸಿಕೊಂಡು ಉಂಡ. ಬಲೆ ಹೊಲಿದ, ಅಂಗಳ ಗುಡಿಸಿದ, ನೆರೆಮನೆಯವರ ಅಂಗಳವನ್ನೂ ಗುಡಿಸಿದ. "ನಿದ್ದಿ ಯಾಕ್ ಅಮ್ಮ? ಎಷ್ಟ್ ಕೆಲ್ಸ ಇತ್ತ್" ಎಂದು ಗಹಗಹಿಸಿ ನಗುತ್ತಿದ್ದ. ಡಾಕ್ಟರ ಮಾತು ಪುಷ್ಪಕ್ಕನಿಗೆ ನೆನಪಾಗದೆ ಇರಲಿಲ್ಲ. ಆದರೆ ಮಲಗಿದ್ದವನು ಎದ್ದಿದ್ದಾನೆ, ಮತ್ತೆ ಮಲಗಿಸಿ ಎಂದು ಯಾವ ತಾಯಿ ಹೋಗಿ ಕೇಳುತ್ತಾಳೆ? ಮಗನಿಗೆ ಹಿಡಿದ ಮದ್ದು ಬಿಟ್ಟಿತು ಎಂದು ಮಾರ್ಕೆಟ್ಟಿನ ತುಂಬ ಹೇಳಿಕೊಂಡು ಬಂದಳು.

ಆ ಬೆಳಿಗ್ಗೆ ಅಳಿವೆಯ ಬಾಯಲ್ಲಿ ತೆರೆ ಆಳೆತ್ತರ ಏಳುತ್ತಿತ್ತು. ಯಾರೂ ದೋಣಿ ಇಳಿಸಿರಲಿಲ್ಲ. ಉಮಾನಾಥ ಅಮ್ಮನ ಗಲ್ಲ ಹಿಂಡಿದ. "ಇವತ್ ಇಡೀ ಕೋಡಿಗೆ ನಾನೇ ಮೀನ್ ಹಿಡ್ಕಂಡ್ ಬತ್ತೆ, ಕಾಣ್." ತಮಾಷೆ ಎಂದುಕೊಂಡು ಅವಳೂ ನಕ್ಕಳು.

ಮಧ್ಯಾಹ್ನ ದೋಣಿ ದಡಕ್ಕೆ ಬಂತು, ಮಗುಚಿಕೊಂಡು. ಅವನು ಬರಲಿಲ್ಲ.

ಸಂಜೆ ಸುಪ್ರೀತಾ ಬಂದಳು. ದಂಡೆಯಲ್ಲಿ ಕೂತಿದ್ದ ಅತ್ತೆಯ ಪಕ್ಕ ಕುಸಿದಳು. ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ನೆಗಾಡ್ಕಂಡ್ ಹ್ವಾದ್ರಾ?"

ಪುಷ್ಪಕ್ಕ ಹೌದೆಂದು ತಲೆಯಾಡಿಸಿದಳು.

"ಮುಂಬೈಲೂ ಹಾಂಗೇ ನೆಗಾಡಿದ್ರ್. ಕ್ಯಾಂಟೀನ್ ಯಾರಿಗೋ ಹಂಗೇ ಕೊಟ್ಬಿಟ್ರ್. ಮೆಟ್ಲ್ ಜಾರಿದ್ದಲ್ಲ ಅತ್ತೆ, ಹಾರ್ತೆ ಅಂದೇಳಿ ಮಾಳಿಗಿಂದ ಹಾರಿದ್ದ್. ಆ ಬೇಜಾರೂ ಈ ನೆಗಿಯೂ ಒಂದೇ ಸೀಕ್ ಅಂದಿದ್ರ್ ಅಲ್ಲಿನ ಡಾಕ್ಟ್ರ್. ಬೇಜಾರಿನ ಮಾತ್ರೆ ಒಂದನ್ನೇ ಕೊಟ್ರೆ ನೆಗಿ ತಿರ್ಗಿ ಬತ್ತ್ ಅಂದಿದ್ರ್. ಅದನ್ನ ತಡೂಕೆ ಬೇರೆ ಮಾತ್ರೆ ಕೊಟ್ಟಿದ್ರ್. ಅದನ್ನೇ ನಾನ್ ಪುಡಿ ಮಾಡಿ ಹಾಕ್ತಿದ್ದದ್."

ಪುಷ್ಪಕ್ಕ ಸೊಸೆಯ ಕೈ ಹಿಡಿದಳು. "ಕದ್ದ್ ಯಾಕ್ ಹಾಕ್ತಿದ್ದೆ, ಹೆಣೆ? ನಂಗ್ ಒಂದ್ ಮಾತ್ ಹೇಳ್ಳಿಲ್ಲ ಯಾಕೆ?"

"'ನಾ ಬ್ಯಾಡ ಅಂದ್ರೂ ಗಂಜಿಗ್ ಹಾಕಿ ಕುಡ್ಸ್, ಅಮ್ಮಂಗ್ ಮಾತ್ರ ನನ್ ಮರ್ಲ್ ಗೊತ್ತಾಪ್ದ್ ಬ್ಯಾಡ' ಅಂದೇಳಿ ಆಣೆ ಹಾಕ್ಸ್ಕಂಡದ್ ನಿಮ್ಮ ಮಗನೇ, ಅತ್ತೆ."