ಎದೆಯ ಮೇಲಿನ ಅಂಕಿ

ವೈದ್ಯಕೀಯ ವಿದ್ಯಾರ್ಥಿಗಳ ಆತ್ಮವಿಶ್ವಾಸ ಅವರ ಎದೆಯ ಬಿಲ್ಲೆಯಲ್ಲಿ ಅಂಕಿಯಾಗಿ ಹೊಳೆಯುತ್ತಿತ್ತು. ರೋಗಿಗಳು ಅದನ್ನು ನೋಡಿಯೇ ಮೇಜು ಆರಿಸುತ್ತಿದ್ದರು. ಸಕ್ಕರೆ ಕಾಯಿಲೆಯ ಕೊಟ್ರಮ್ಮನಿಗೆಂದು ಸಿರಿಂಜಿಗೆ ಇನ್ಸುಲಿನ್ ತುಂಬುವಾಗ ಅಫ್ರೀನಳ ಅಂಕಿ ಎಂಬತ್ತಿತ್ತು. ಆಗ ಅವಳಿಗೆ ಅನುಮಾನ ಬಂತು.

“ಬೆಳಗ್ಗೆ ಏನಾದ್ರೂ ತಿಂದಿದೀರಾ, ಅಮ್ಮಾ?”

ಅಂಕಿ ಮೂವತ್ತಕ್ಕೆ ಇಳಿಯಿತು.

“ಶ್ರಾವಣ ಸೋಮವಾರ ಅಲ್ಲೇನವ್ವಾ, ಒಪ್ಪತ್ತು. ಸಂಜಿಗೇ ಊಟ,” ಎನ್ನುತ್ತಾ ಕೊಟ್ರಮ್ಮ ಬಿಲ್ಲೆ ನೋಡಿ ಎದ್ದರು. ಜೊತೆಗೆ ಬಂದಿದ್ದ ಮಗಳು ಅವರನ್ನು ಪಕ್ಕದ ಮೇಜಿನ ಗುರುಕಿರಣನ ಮುಂದೆ ಕೂರಿಸಿದಳು. ಅವನದು ತೊಂಬತ್ತಾರು.

“ಚುಚ್ಚಬೇಡ ಕಣೋ, ಅವ್ರು ಉಪವಾಸ, ಸಕ್ಕರೆ ತೀರಾ ಇಳಿದುಬಿಡುತ್ತೆ!” ಅಫ್ರೀನ್ ಕೂಗಿದಳು.

ಅವಳ ಅಂಕಿ ನೋಡಿ ನಕ್ಕು ಅವನು ಚುಚ್ಚಿದ.

ಅರ್ಧ ಗಂಟೆಯಲ್ಲಿ ಕೊಟ್ರಮ್ಮ ಬೆವೆತು ಕುಸಿದರು. ಗಾಬರಿಗೆ ಅಂಕಿ ಇನ್ನೂ ಇಳಿಯುತ್ತಿದ್ದರೂ ಅಫ್ರೀನ್ ಗ್ಲೂಕೋಸ್ ಹಿಡಿದು ಓಡಿದಳು. ಮಗಳು ಅವಳ ಕೈ ತಳ್ಳಿದಳು.

“ಮುಟ್ಟಬ್ಯಾಡ್ರಿ, ನಿಮ್ದು ಬರೀ ಹನ್ನೆರಡೈತಿ. ಆ ತೊಂಬತ್ತಾರರ ಡಾಕ್ಟ್ರನ್ನ ಕರೀರಿ!”