ಉಬ್ಬಿದ ದೋಸೆ

"ಹೆಂಡ ಇಳಿಸೋ ಮರ ಇಟ್ಕೊಂಡೋನು ನನ್ ಪಕ್ಕ ಕೂತು ಉಣ್ಣಂಗಿಲ್ಲ" ಎಂದು ಮಾವ ರಾಮಾಂಜಿನಪ್ಪ ಹೇಳಿದಾಗ ಲಕ್ಕಮ್ಮ ಹೆಂಚಿನ ಮೇಲಿನ ಮುಚ್ಚಳ ತೆಗೆಯುತ್ತಿದ್ದಳು. ಮಗಳನ್ನು ನೋಡಲು ಸಮೇತನಹಳ್ಳಿಯಿಂದ ನಡೆದು ಬಂದಿದ್ದ ಅವಳ ಅಪ್ಪ ಪಿಳ್ಳಪ್ಪ ಎಲೆಯ ಮುಂದಿನಿಂದ ಎದ್ದ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಜಗುಲಿಗೆ ಹೋಗಿ ಕುಳಿತ.

ಹೆಂಡ ಬಿಡಿಸುವ ಚಳವಳಿಗೆ ಸೇರಿ ಖಾದಿ ತೊಟ್ಟ ಮೇಲೆ ಮಾವ ತಮ್ಮ ಹೊಲದ ಈಚಲ ಮರಗಳನ್ನೆಲ್ಲ ಕಡಿಸಿದ್ದರು. ಅಪ್ಪ ಕಡಿಸಿರಲಿಲ್ಲ. "ಇನ್ನೊಂದು ಹಾಕಮ್ಮ" ಎಂದು ಮಾವ ಏನೂ ಆಗದವರಂತೆ ಕರೆದರು. "ಹೂವು ಕಣಮ್ಮ, ಹೂವು! ಹೊಸಕೋಟೆ ಹೋಟ್ಲೋನಿಗೂ ಇಂಥ ದೋಸೆ ಬರಾಕಿಲ್ಲ." ಎಲೆಯಲ್ಲಿದ್ದ ದೋಸೆಯನ್ನು ಬೆರಳಿನಿಂದ ಒತ್ತಿದರು. ಅದು ತಗ್ಗಿ ಮತ್ತೆ ಮೇಲೆದ್ದಿತು. ಮಾವ ಮಗುವಿನಂತೆ ನಕ್ಕು ತುತ್ತು ಮುರಿದು ಬಾಯಿಗೆ ಹಾಕಿಕೊಂಡರು.

ಆ ನಗುವನ್ನು ನೋಡಿ ಲಕ್ಕಮ್ಮನ ಮೈ ಉರಿದುಹೋಯಿತು. ಮದುವೆಯಾಗಿ ಬಂದಾಗಿನಿಂದ ಬಚ್ಚಿಟ್ಟಿದ್ದ ಮಾತು ಗಂಟಲಿಗೆ ಬಂತು. ಬಿಸಿ ದೋಸೆಯನ್ನು ಅಂಗೈಯಲ್ಲೇ ಹಿಡಿದು ಅವಳು ಮಾವನ ಎದುರು ನಿಂತಳು.

"ಇದು ಹಿಂಗೆ ಉಬ್ಬೋದು ನಮ್ಮಪ್ಪ ಕಳಿಸೋ ಈಚಲ ಹೆಂಡದಿಂದ, ಮಾವ. ದಿನಾ ಸಂಜೆ ಹಿಟ್ಟಿಗೆ ನಾನೇ ಬೆರೆಸ್ತೀನಿ. ಅದನ್ನ ಹೊಟ್ಟೆ ಒಳಗೆ ಇಟ್ಕೊತೀರ, ಅವರನ್ನ ಜಗುಲಿಗೆ ಕಳಿಸ್ತೀರ!"

ಅಗಿಯುತ್ತಿದ್ದ ಬಾಯಿ ನಿಂತಿತು. ಉಗುಳಲೂ ಆಗದೆ ನುಂಗಲೂ ಆಗದೆ ಮಾವ ಹಾಗೇ ಕುಳಿತರು. ಲಕ್ಕಮ್ಮ ಕೈಯಲ್ಲಿದ್ದ ದೋಸೆಯನ್ನು ಅವರ ಪಕ್ಕದ ಖಾಲಿ ಎಲೆಗೆ ಹಾಕಿದಳು.

"ಅಪ್ಪಾ, ಒಳಕ್ಕೆ ಬಾ. ಆರೋಗ್ತದೆ."