ಅಜ್ಜಿಯ ಸಾಕ್ಷಿ

ಎಂ.ಎ. ಆಮೇಲೆ, ನೌಕರಿ ಅದಕ್ಕೂ ಆಮೇಲೆ, ಮೊದಲು ಒಂದು ವರ್ಷ ಚೀನಿ ಭಾಷೆ ಕಲಿಯುತ್ತೇನೆಂದು ಹಟ ಹಿಡಿದು ಶಿವಲೀಲಾ ಗದಗಿನಿಂದ ತೈವಾನಿಗೆ ಹೋಗಿದ್ದಳು. ಅಲ್ಲಿ ಆ ಊರಿನವಳೇ ಆದ ಒಬ್ಬಂಟಿ ಅಜ್ಜಿಯೊಬ್ಬಳ ಮನೆಯಲ್ಲಿ ಬಾಡಿಗೆಗಿದ್ದಳು. ದಿನಾ ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಕೂತು, ಬಟಾಣಿ ಸುಲಿಯುತ್ತ ತಾಸುಗಟ್ಟಲೆ ಹರಟುತ್ತಿದ್ದರು. ಮಾತಿಗೆ ಎಲ್ಲೂ ತಡೆಯೇ ಇರಲಿಲ್ಲ.

ವರ್ಷ ಮುಗಿಯುತ್ತ ಬಂದಾಗ ಅಪ್ಪ ವಿಡಿಯೊ ಕಾಲ್ ಮಾಡಿದ.

"ಇನ್ನೂ ಆರು ತಿಂಗಳಾ ಇರ್ತೀನಿ ಅಂತೀಯಲ್ಲ, ಇಷ್ಟ್ ದಿನಾ ಏನರ ಕಲ್ತೀಯೋ, ಬರೇ ತಿರಗ್ಯಾಡೀಯೋ?"

"ಏನ್ ಮಾತಾಡ್ತೀ ಅಪ್ಪಾ! ಅಜ್ಜಿ ಕೂಡ ದಿನಾ ಮಾತಾಡ್ತೀನಿ. ಬೇಕಾದ್ರ ಅವರನ್ನ ಕೇಳು."

"ಹಂಗಾರ ಅವರ ಕೈಯಾಗ ಫೋನ್ ಕೊಡು. ನನಗೇನ್ ಚೀನಿ ತಿಳಿಯೂದಿಲ್ಲ, ನೀ ಕಲ್ತಿದ್ದು ಖರೇ ಅಂತ ಅವರು ಗೋಣು ಹಾಕಿದ್ರ ಸಾಕು. ಇಲ್ಲಂದ್ರ ಗಂಟುಮೂಟಿ ಕಟ್ಟು."

ಮೊಮ್ಮಗಳಂತೆ ಹಚ್ಚಿಕೊಂಡ ಅಜ್ಜಿ ಕೈಬಿಡುವವಳಲ್ಲ ಎಂಬ ಧೈರ್ಯದಿಂದ ಶಿವಲೀಲಾ ಫೋನ್ ಕೊಟ್ಟಳು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಾಯ್ತುಂಬ ನಕ್ಕಳು.

"ನಮಸ್ಕಾರ್ರೀ, ಊಟಾ ಆತೇನ್ರೀ? ನಿಮ್ಮ ಮಗಳು ಭಾಳ ಚೊಲೋ ಕಲಿಸ್ತಾಳ್ರೀ!"